ನಿಯಮ ಬದಲಾದರೆ ಪಟ್ಟೂ ಬದಲು

ಹಲಗಿಯ ಸದ್ದು ಏರುತ್ತಿದ್ದಂತೆ ಬೆಳಗಾವಿಯ ಆನಂದವಾಡಿ ಕುಸ್ತಿ ಆಖಾಡದ ಸುತ್ತ ಜನ ಒತ್ತೊತ್ತಾಗಿ ಕೂಡುತ್ತಾರೆ. ಲಂಗೋಟಿ ಬಿಗಿದ ಇಬ್ಬರು ಪೈಲ್ವಾನರು ಕಣಕ್ಕಿಳಿದು ಬಾಗಿ ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಳ್ಳುತ್ತಾರೆ. ಒಂದು ಹಿಡಿ ಮಣ್ಣೆತ್ತಿ ಎದುರಾಳಿಯ ತೋಳಿಗೂ ಸವರುತ್ತಾರೆ. ಕೈಗೆ ಕೈ ತಾಕುತ್ತದೆ, ತಲೆಗೆ ತಲೆ ಆನುತ್ತದೆ. ಸ್ವಲ್ಪ ಹೊತ್ತು ಇಬ್ಬರೂ ಅಲ್ಲಾಡುವುದೇ ಇಲ್ಲವೇನೋ ಎನ್ನಿಸುತ್ತದೆ. ಒಮ್ಮೆಲೇ ಒಬ್ಬ ಒಳನುಗ್ಗುತ್ತಾನೆ, ಇನ್ನೊಬ್ಬನ ಕಾಲು ನೆಲ ಬಿಡುತ್ತದೆ, ಬೆನ್ನು ಮಣ್ಣಿಗೆ ಬೀಳುತ್ತದೆ. ‘ಚಿತ್!’ ಅನ್ನುವ ಕೂಗಿನೊಂದಿಗೆ ಕೂತವರೆಲ್ಲ ಎದ್ದು ನಿಲ್ಲುತ್ತಾರೆ.

ಅದೇ ಊರಿನ ಜೂಡೊ ಹಾಲ್‌ನಲ್ಲಿ ಕೇಳುವ ಸದ್ದು ಬೇರೆ. ಬಿಳಿ ದಪ್ಪ ಅಂಗಿ ತೊಟ್ಟ ಹುಡುಗಿಯರು ಸಾಲಾಗಿ ಹಿಂದಕ್ಕೆ ಬೀಳುತ್ತಾ ಎರಡೂ ಅಂಗೈಗಳಿಂದ ಮ್ಯಾಟ್ ಬಡಿಯುತ್ತಾರೆ. ಎತ್ತಿ ಒಗೆಯುವುದಕ್ಕಿಂತ ಮೊದಲು ಅವರು ಕಲಿಯುವುದು ಪೆಟ್ಟಾಗದಂತೆ ಬೀಳುವುದನ್ನು. ಇನ್ನು ಊರಿನ ಹುಡುಗರ ಮೊಬೈಲ್‌ನಲ್ಲಿ ಕಾಣುವುದು ಮತ್ತೊಂದು ಲೋಕ: ಎಂಟು ಮೂಲೆಯ ಜಾಲರಿ ಕಟ್ಟೆ, ಬ್ರೆಜಿಲ್‌ನ ಫೈಟರ್, ಮಿಂಚಿನಂಥ ಒದೆ.

ಮೂರನ್ನೂ ನೋಡಿದವರು ‘ಎಲ್ಲಾ ಒಂದೇ, ಹೊಡೆದಾಟ’ ಅಂದುಬಿಡುವುದುಂಟು. ಒಂದೇ ಅಲ್ಲ. ಇವುಗಳ ನಡುವಿನ ವ್ಯತ್ಯಾಸವನ್ನೂ ನಂಟನ್ನೂ ತಿಳಿದರೆ, ಬೆಳಗಾವಿ ಪಕ್ಕದ ಹಳ್ಳಿಯ ಒಬ್ಬ ಹುಡುಗಿ ಏಷ್ಯನ್ ಕ್ರೀಡಾಕೂಟದ ಪದಕ ತಂದದ್ದು ಹೇಗೆ ಅನ್ನುವುದೂ ತಿಳಿಯುತ್ತದೆ.

ತುರಮರಿಯಿಂದ ಜಕಾರ್ತಕ್ಕೆ

ಬೆಳಗಾವಿ ತಾಲ್ಲೂಕಿನ ತುರಮರಿ ಗ್ರಾಮದ ಮಲಪ್ರಭಾ ಜಾಧವ ರೈತ ಕುಟುಂಬದ ಮಗಳು. ಬೆಳಗಾವಿಯಲ್ಲಿ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಜೂಡೊ ತರಬೇತಿಯಲ್ಲಿ ಪಳಗಿದವರು. 2018ರ ಆಗಸ್ಟ್ 28ರಂದು ಜಕಾರ್ತದಲ್ಲಿ, 52 ಕೆ.ಜಿ. ವಿಭಾಗದಲ್ಲಿ ಅವರು ಕಂಚಿನ ಪದಕ ಗೆದ್ದರು. ಆದರೆ ಗೆದ್ದದ್ದು ಜೂಡೊದಲ್ಲಿ ಅಲ್ಲ, ಕುರಾಶ್‌ನಲ್ಲಿ. ಆ ಹೆಸರನ್ನು ಕರ್ನಾಟಕದ ಬಹುತೇಕ ಮಂದಿ ಕೇಳಿದ್ದೇ ಅವತ್ತು.

ಏಷ್ಯನ್ ಕ್ರೀಡಾಕೂಟದ ಪದಕಪಟ್ಟಿಗೆ ಕುರಾಶ್ ಸೇರಿದ್ದೂ ಅದೇ ವರ್ಷ. ಸೆಮಿಫೈನಲ್‌ನಲ್ಲಿ ಮಲಪ್ರಭಾ ಅವರಿಗೆ ಎದುರಾದವರು ಉಜ್ಬೇಕಿಸ್ತಾನದ ಗುಲ್ನೋರ್ ಸುಲೇಮನೋವಾ. ಕುರಾಶ್ ಹುಟ್ಟಿದ ನಾಡಿನ ಆಟಗಾರ್ತಿ ಆಕೆ. ಮಲಪ್ರಭಾ ಅಲ್ಲಿ ಸೋತರು. ಸೆಮಿಫೈನಲ್‌ನಲ್ಲಿ ಸೋತ ಇಬ್ಬರಿಗೂ ಕಂಚು ಕೊಡುವ ಪದ್ಧತಿಯಂತೆ ಪದಕ ಪಡೆದರು. ಫೈನಲ್‌ನಲ್ಲಿ ಭಾರತದ ಪಿಂಕಿ ಬಲ್ಹಾರಾ ಕೂಡ ಅದೇ ಸುಲೇಮನೋವಾಗೆ ಸೋತು ಬೆಳ್ಳಿ ಗೆದ್ದರು. ವಿಜಯ ವೇದಿಕೆ ಏರಿದ ನಾಲ್ವರಲ್ಲಿ ಇಬ್ಬರು ಉಜ್ಬೇಕ್ ಆಟಗಾರ್ತಿಯರು, ಇಬ್ಬರು ಭಾರತೀಯರು.

ಸಾವಿರಾರು ವರ್ಷಗಳ ಪರಂಪರೆ ಇದೆ ಎಂದು ಹೇಳಿಕೊಳ್ಳುವ ನಾಡಿನ ಎದುರು, ಆ ಆಟ ಇನ್ನೂ ಮನೆಮಾತಾಗದ ದೇಶದ ಇಬ್ಬರು ಹುಡುಗಿಯರು ಅಲ್ಲಿವರೆಗೆ ಹೋದದ್ದು ಹೇಗೆ? ಉತ್ತರ ಆಟದ ನಿಯಮದಲ್ಲೇ ಇದೆ.

ಕುರಾಶ್ ಅಂದರೇನು?

ಕುರಾಶ್ ಮಧ್ಯ ಏಷ್ಯಾದ ಜಾನಪದ ಕುಸ್ತಿ. ಹಬ್ಬ, ಮದುವೆಗಳಲ್ಲಿ ಊರ ಬಯಲಲ್ಲಿ ನಡೆಯುತ್ತಿದ್ದ ಇದಕ್ಕೆ 1998ರಲ್ಲಿ ತಾಷ್ಕೆಂಟ್‌ನಲ್ಲಿ ಅಂತರರಾಷ್ಟ್ರೀಯ ಸಂಸ್ಥೆ ಹುಟ್ಟಿಕೊಂಡಿತು. ಒಬ್ಬರು ನೀಲಿ, ಇನ್ನೊಬ್ಬರು ಹಸಿರು ಅಂಗಿ ತೊಟ್ಟು, ಸೊಂಟಕ್ಕೆ ಪಟ್ಟಿ ಕಟ್ಟಿ ಮ್ಯಾಟ್ ಮೇಲೆ ನಿಲ್ಲುತ್ತಾರೆ. ಅಂಗಿಯನ್ನೋ ಪಟ್ಟಿಯನ್ನೋ ಹಿಡಿದು ಎದುರಾಳಿಯನ್ನು ಎತ್ತಿ ಬೆನ್ನ ಮೇಲೆ ಕೆಡವಬೇಕು.

ಪೂರ್ತಿ ಬೆನ್ನ ಮೇಲೆ ಬಿದ್ದರೆ ‘ಹಲಾಲ್’. ಆಟ ಅಲ್ಲಿಗೇ ಮುಗಿಯಿತು. ಪಕ್ಕೆಯ ಮೇಲೆ ಬಿದ್ದರೆ ‘ಯೋನ್‌ಬೋಶ್’. ಅಂಥವು ಎರಡಾದರೆ ಒಂದು ಹಲಾಲ್‌ಗೆ ಸಮ. ಅದಕ್ಕಿಂತ ಸಣ್ಣ ಬೀಳುವಿಕೆಗೆ ‘ಚಾಲಾ’.

ಬೇಡವೆಂದದ್ದು ಇನ್ನೂ ಮುಖ್ಯ. ಸೊಂಟದ ಕೆಳಗೆ ಕೈ ಹಾಕುವಂತಿಲ್ಲ. ಕತ್ತು ಅಮುಕುವಂತಿಲ್ಲ, ತೋಳು ತಿರುಚುವಂತಿಲ್ಲ. ನೆಲಕ್ಕೆ ಬಿದ್ದ ಮೇಲೆ ಹೊರಳಾಡುತ್ತಾ ಸೆಣಸುವಂತಿಲ್ಲ. ರೆಫರಿ ತಡೆದು ಇಬ್ಬರನ್ನೂ ಎಬ್ಬಿಸಿ ನಿಲ್ಲಿಸುತ್ತಾರೆ. ಅಂದರೆ ನಿಂತೇ ಶುರು, ನಿಂತೇ ಕೊನೆ.

ಜೂಡೊ ಕಲಿತವರಿಗೆ ಇದು ಅರ್ಧ ಪರಿಚಿತ ಊರು. ಜೂಡೊದಲ್ಲೂ ಅಂಗಿಯ ಹಿಡಿತ, ಎತ್ತಿ ಒಗೆಯುವ ಪಟ್ಟು, ಬೆನ್ನು ಬಿದ್ದರೆ ‘ಇಪ್ಪೋನ್’. ಕಾಲಿಗೆ ಕೈ ಹಾಕಿ ಕೆಡವುವುದನ್ನು ಅಂತರರಾಷ್ಟ್ರೀಯ ಜೂಡೊ 2010ರಿಂದ ಹಂತಹಂತವಾಗಿ ನಿಷೇಧಿಸಿದ್ದರಿಂದ ಎರಡೂ ಆಟಗಳು ಇನ್ನಷ್ಟು ಹತ್ತಿರ ಬಂದವು. ಭಾರತದಲ್ಲಿ ಕುರಾಶ್‌ಗೆ ಇಳಿದವರಲ್ಲಿ ಅನೇಕರು ಜೂಡೊ ಮ್ಯಾಟ್‌ನಿಂದಲೇ ಬಂದವರು.

ಆದರೂ ಅಭ್ಯಾಸ ಬದಲಿಸಿಕೊಳ್ಳಲೇಬೇಕು. ಜೂಡೊದಲ್ಲಿ ಪಟ್ಟು ಅರ್ಧಕ್ಕೆ ನಿಂತರೆ ನೆಲದ ಮೇಲೆ ಮುಂದುವರಿಸಬಹುದು: ಎದುರಾಳಿಯನ್ನು 20 ಸೆಕೆಂಡ್ ಅದುಮಿ ಹಿಡಿದರೂ ಗೆಲುವು. ಕುರಾಶ್‌ನಲ್ಲಿ ಆ ಎರಡನೇ ಅವಕಾಶ ಇಲ್ಲ. ಹಾಕಿದ ಪಟ್ಟು ಪೂರ್ತಿ ಬೀಳಿಸಬೇಕು, ಇಲ್ಲವೇ ಎದ್ದು ಮತ್ತೆ ಮೊದಲಿನಿಂದ ಶುರು ಮಾಡಬೇಕು. ಹಾಗಾಗಿ ಕುರಾಶ್ ಆಟಗಾರರು ಅರೆಮನಸ್ಸಿನಿಂದ ಒಳಗೆ ಹೋಗುವುದಿಲ್ಲ. ಹೋದರೆ ಮೈಯೆಲ್ಲ ಹಾಕಿಯೇ ಹೋಗುತ್ತಾರೆ. ನಿಯಮ ಯಾವುದನ್ನು ಬೇಡ ಅನ್ನುತ್ತದೋ ಅದೇ ಆಟಗಾರರ ಶೈಲಿಯನ್ನು ತಿದ್ದುತ್ತದೆ.

ಪಟ್ಟು ಒಂದೇ, ಹಿಡಿತ ಎರಡು

ನಮ್ಮ ಪೈಲ್ವಾನರ ಪ್ರಸಿದ್ಧ ಪಟ್ಟು ‘ಧೋಬಿ ಪಛಾಡ್’. ಎದುರಾಳಿಯ ಒಂದು ಕೈಯನ್ನು ಎಳೆದು, ಗರಕ್ಕನೆ ತಿರುಗಿ, ಅವನ ಎದೆಗೆ ತನ್ನ ಬೆನ್ನು ಕೊಟ್ಟು, ಹೆಗಲ ಮೇಲಿಂದ ಮುಂದಕ್ಕೆ ಒಗೆಯುವುದು. ಅಗಸ ಕಲ್ಲಿನ ಮೇಲೆ ಬಟ್ಟೆ ಒಗೆಯುವಂತೆಯೇ. ಜೂಡೊದಲ್ಲಿ ಇದಕ್ಕೆ ತೀರಾ ಹತ್ತಿರದ ಪಟ್ಟು ‘ಸಿಯೊಯಿ ನಾಗೆ’.

ನಿಧಾನವಾಗಿ ನೋಡಿದರೆ ಎರಡರಲ್ಲೂ ಮೂರು ಹೆಜ್ಜೆ. ಮೊದಲು ಎದುರಾಳಿಯ ತೂಕವನ್ನು ಅವನ ಕಾಲ್ಬೆರಳ ತುದಿಗೆ ತರಬೇಕು. ಹಿಮ್ಮಡಿ ಎದ್ದರೆ ಅರ್ಧ ಕೆಲಸ ಆದ ಹಾಗೆ. ಎರಡನೆಯದು, ತಿರುಗುವಾಗ ಮೊಣಕಾಲು ಮಡಿಸಿ ತನ್ನ ಸೊಂಟವನ್ನು ಅವನ ಸೊಂಟಕ್ಕಿಂತ ಕೆಳಗೆ ತರಬೇಕು. ಮೂರನೆಯದು, ಕಾಲು ನೇರ ಮಾಡುತ್ತಾ ಎಳೆಯಬೇಕು. ಎತ್ತುವುದು ತೋಳಲ್ಲ, ತೊಡೆ. ಇದನ್ನು ಅರಿಯದ ಹೊಸಬರು ಕೈಬಲದಿಂದ ಎಳೆದು ಸುಸ್ತಾಗುತ್ತಾರೆ.

ವ್ಯತ್ಯಾಸ ಇರುವುದು ಹಿಡಿತದಲ್ಲಿ. ಜೂಡೊದಲ್ಲಿ ತೋಳಂಗಿ, ಕಾಲರು ಸಿಗುತ್ತವೆ; ಎಳೆದರೆ ಬಟ್ಟೆ ಜಾರದು. ಮಣ್ಣಿನ ಕುಸ್ತಿಯಲ್ಲಿ ಬರೀ ಮೈ, ಮೇಲೆ ಬೆವರು. ಎದುರಾಳಿಯ ಮೈಗೆ ಮಣ್ಣು ಸವರುವುದು ಸಂಪ್ರದಾಯವೂ ಹೌದು, ಉಪಾಯವೂ ಹೌದು: ಮಣ್ಣು ಬೆವರು ಹೀರಿ ಹಿಡಿತ ನಿಲ್ಲಿಸುತ್ತದೆ. ಬಟ್ಟೆ ಇಲ್ಲದ ಕಾರಣ ಪೈಲ್ವಾನ ಮುಂಗೈ, ಕುತ್ತಿಗೆ, ಕಂಕುಳ, ಕಾಲುಗಳನ್ನೇ ಹುಡುಕುತ್ತಾನೆ. ಢಾಕ್, ಘಿಸ್ಸಾ, ಕಲಾಜಂಗ್ ಮುಂತಾದ ಪಟ್ಟುಗಳೆಲ್ಲ ಬರಿಮೈ ಹಿಡಿತದಿಂದಲೇ ಬೆಳೆದವು.

ಕೆಂಪು ಮಣ್ಣಿನ ಪಾಠಶಾಲೆ

ಈ ಭಾಗದಲ್ಲಿ ಮಲ್ಲವಿದ್ಯೆ ಹೊಸದಲ್ಲ. ಕಲ್ಯಾಣ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೆಂದೇ ಭಾಗವಿದೆ. ಮಲ್ಲರನ್ನು ವಯಸ್ಸು, ಮೈಕಟ್ಟು, ಬಲ ನೋಡಿ ದರ್ಜೆಗಳಾಗಿ ವಿಂಗಡಿಸುವುದು, ಅವರ ಆಹಾರ, ಭಾರ ಎತ್ತುವ, ಈಜುವ, ಕಂಬ ಹಿಡಿದು ಮಾಡುವ ವ್ಯಾಯಾಮಗಳು ಎಲ್ಲವೂ ಅಲ್ಲಿ ಬರುತ್ತವೆ. ಸಮಬಲರನ್ನೇ ಎದುರುಬದುರು ನಿಲ್ಲಿಸಬೇಕೆಂಬ ವಿವೇಕ ಈ ನಾಡಿಗೆ ಒಂಬತ್ತು ಶತಮಾನಗಳ ಹಿಂದೆಯೇ ಇತ್ತು.

ಗರಡಿ ಮನೆ ಬರೀ ಆಟದ ಜಾಗವೂ ಆಗಿರಲಿಲ್ಲ. ಕಿತ್ತೂರಿನ ವೀರ ಸಂಗೊಳ್ಳಿ ರಾಯಣ್ಣನ ನೆನಪಿನೊಂದಿಗೆ ಸಂಗೊಳ್ಳಿಯ ಗರಡಿ ಮನೆಯೂ ಬೆಸೆದುಕೊಂಡಿದೆ. ಬ್ರಿಟಿಷರು ಅವನನ್ನು 1831ರ ಜನವರಿ 26ರಂದು ಗಲ್ಲಿಗೇರಿಸಿದ್ದು ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ. ಇಂದಿಗೂ ಅಲ್ಲಿನ ಸಮಾಧಿಗೆ ಜನ ನಡೆದುಕೊಳ್ಳುತ್ತಾರೆ. ಮೈ ಗಟ್ಟಿ ಮಾಡಿಕೊಳ್ಳುವುದು ಈ ಸೀಮೆಯಲ್ಲಿ ಮರ್ಯಾದೆಯ ವಿಷಯವಾಗಿ ಉಳಿದುಬಂದದ್ದರ ಹಿಂದೆ ಇಂಥ ನೆನಪುಗಳೂ ಇವೆ.

ಖಾನಾಪುರದ ಕಾಡಂಚಿನ ಹಳ್ಳಿಗಳಲ್ಲಿ ಮಳೆಗಾಲವಿಡೀ ಗದ್ದೆಯ ಕೆಲಸ. ಸುಗ್ಗಿ ಮುಗಿದು ಜಾತ್ರೆಗಳು ಶುರುವಾದರೆ ಕುಸ್ತಿ ಮೈದಾನಗಳೂ ಶುರು. ಇಲ್ಲಿ ಕನ್ನಡ, ಮರಾಠಿ ಎರಡೂ ಆಡುವ ಹುಡುಗರು ಒಂದೇ ತಾಲೀಮಿನಲ್ಲಿ ದಂಡ, ಬೈಠಕ್ ಹೊಡೆಯುತ್ತಾರೆ, ಒಬ್ಬನೇ ವಸ್ತಾದನ ಮಾತು ಕೇಳುತ್ತಾರೆ. ಆಖಾಡದ ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿನ, ನಿಂಬೆರಸ ಬೆರೆಸಿ ಹದ ಮಾಡುತ್ತಾರೆ. ಗಟ್ಟಿಯಾದ ಮಣ್ಣನ್ನು ಅಗೆದು ಸಡಿಲಿಸುವುದೇ ಬೆಳಗಿನ ಮೊದಲ ವ್ಯಾಯಾಮ. ಆಮೇಲೆ ‘ಜೋರ್’, ಅಂದರೆ ತಮ್ಮತಮ್ಮಲ್ಲೇ ಸೆಣಸು.

ಹೀಗೆ ಬೆಳೆದವರು ದೇಶದ ಮಟ್ಟಕ್ಕೂ ಏರಿದ್ದಾರೆ. 1959ರಲ್ಲಿ ದೆಹಲಿಯಲ್ಲಿ ಬಂತಾ ಸಿಂಗ್ ಅವರನ್ನು ಸೋಲಿಸಿ ಮೊತ್ತಮೊದಲ ‘ಹಿಂದ್ ಕೇಸರಿ’ ಆದ ಶ್ರೀಪತಿ ಖಂಚನಾಳೆ ಇದೇ ಬೆಳಗಾವಿ ಜಿಲ್ಲೆಯ ಯಕ್ಸಂಬಾದವರು. ಅವರು ತಾಲೀಮು ಮಾಡಿದ್ದು ಕೊಲ್ಹಾಪುರದಲ್ಲಿ. ಶಾಹು ಮಹಾರಾಜರು ಕಟ್ಟಿಸಿದ ಖಾಸಬಾಗ್ ಮೈದಾನದ ಆ ಊರು ಗಡಿಯ ಈಚೆಯ ಪೈಲ್ವಾನರಿಗೂ ದೊಡ್ಡ ವಿದ್ಯಾಪೀಠ. ಖಂಚನಾಳೆ 2020ರ ಡಿಸೆಂಬರ್‌ನಲ್ಲಿ ತೀರಿಕೊಂಡರು.

ಬ್ರೆಜಿಲ್‌ಗೆ ಹೋದ ಜೂಡೊ

ಇನ್ನು ಮೊಬೈಲ್‌ನಲ್ಲಿ ಕಾಣುವ ಆ ಜಾಲರಿ ಕಟ್ಟೆಯ ಕಥೆ. ಮಿಕ್ಸೆಡ್ ಮಾರ್ಷಲ್ ಆರ್ಟ್ಸ್, ಚಿಕ್ಕದಾಗಿ ಎಂಎಂಎ, ಹುಟ್ಟುವುದರಲ್ಲೂ ಜೂಡೊದ ಪಾಲಿದೆ.

ಜಿಗೊರೊ ಕಾನೊ 1882ರಲ್ಲಿ ಟೋಕಿಯೊದಲ್ಲಿ ಜೂಡೊದ ಕೊಡೊಕಾನ್ ಶಾಲೆ ತೆರೆದರು. ಅಲ್ಲಿ ಕಲಿತ ಮಿತ್ಸುಯೊ ಮಯೆಡಾ ದೇಶ ಸುತ್ತುತ್ತಾ 1914ರಲ್ಲಿ ಬ್ರೆಜಿಲ್ ತಲುಪಿ, ಬೆಲೆಮ್ ನಗರದಲ್ಲಿ ನೆಲೆಸಿದರು. ಅವರಿಂದ ಕಲಿತ ಕಾರ್ಲೋಸ್ ಗ್ರೇಸಿ ಮತ್ತು ತಮ್ಮಂದಿರು ಜೂಡೊದ ನೆಲದ ಪಟ್ಟುಗಳನ್ನೇ ಹಿಡಿದು ಬೆಳೆಸಿದರು. ಅದೇ ಬ್ರೆಜಿಲಿಯನ್ ಜಿಯು ಜಿಟ್ಸು. ಎತ್ತಿ ಒಗೆಯುವುದಕ್ಕಿಂತ, ಬಿದ್ದ ಮೇಲೆ ಕತ್ತು ಅಮುಕಿ, ತೋಳು ತಿರುಚಿ ಶರಣಾಗಿಸುವುದಕ್ಕೆ ಅಲ್ಲಿ ಬೆಲೆ. ಕುರಾಶ್ ಯಾವುದನ್ನು ಪೂರ್ತಿ ಬಿಟ್ಟಿತೋ ಅದನ್ನೇ ಬ್ರೆಜಿಲ್ ಪೂರ್ತಿ ಅಪ್ಪಿಕೊಂಡಿತು.

1993ರ ನವೆಂಬರ್ 12ರಂದು ಅಮೆರಿಕದ ಡೆನ್ವರ್‌ನಲ್ಲಿ ಎಂಎಂಎಯ ಪ್ರಮುಖ ಪಂದ್ಯಾವಳಿ ಯುಎಫ್‌ಸಿ ಮೊದಲ ಬಾರಿ ನಡೆದಾಗ ತೂಕದ ವಿಭಾಗಗಳೇ ಇರಲಿಲ್ಲ. ಅದೇ ಗ್ರೇಸಿ ಮನೆತನದ ತೆಳ್ಳನೆಯ ರಾಯ್ಸ್ ಒಂದೇ ರಾತ್ರಿ ಒಬ್ಬ ಬಾಕ್ಸರ್ ಸೇರಿದಂತೆ ಮೂವರನ್ನು ಮಣಿಸಿ ಗೆದ್ದರು. ಹೊಡೆಯುವವನನ್ನು ನೆಲಕ್ಕೆ ಎಳೆದರೆ ಅವನ ಹೊಡೆತ ಕೆಲಸಕ್ಕೆ ಬಾರದು ಎಂದು ಜಗತ್ತಿಗೆ ಅಂದು ತಿಳಿಯಿತು. ಮುಂದೆ ತೂಕದ ವಿಭಾಗ, ಐದು ನಿಮಿಷಗಳ ಸುತ್ತು, ಬೆರಳು ತೆರೆದ ತೆಳು ಗ್ಲೌಸ್, ನಿಷಿದ್ಧ ಹೊಡೆತಗಳ ಪಟ್ಟಿ ಒಂದೊಂದಾಗಿ ಬಂದವು.

ಹೊಡೆಯುವವನ ಉತ್ತರ

ಆಗ ಹೊಡೆತದ ಕಲಾವಿದರು ಸುಮ್ಮನೆ ಕೂರಲಿಲ್ಲ. ಅವರಲ್ಲಿ ಎದ್ದು ಕಾಣುವ ಹೆಸರು ಬ್ರೆಜಿಲ್‌ನ ಆಂಡರ್ಸನ್ ಸಿಲ್ವಾ. ಕುರಿಟಿಬಾದಲ್ಲಿ ಬೆಳೆದು ಥಾಯ್ ಬಾಕ್ಸಿಂಗ್‌ನಲ್ಲಿ ಪಳಗಿದ ಅವರು 2006ರ ಅಕ್ಟೋಬರ್‌ನಲ್ಲಿ ರಿಚ್ ಫ್ರಾಂಕ್ಲಿನ್ ಅವರ ಕುತ್ತಿಗೆಯನ್ನು ಎರಡೂ ಕೈಗಳಿಂದ ಬಿಗಿದು ಮೊಣಕಾಲಿನಿಂದ ಹೊಡೆದು ಮಿಡಲ್‌ವೇಟ್ ಪಟ್ಟ ಗೆದ್ದರು. 2013ರ ಜುಲೈವರೆಗೆ ಅದು ಅವರ ಬಳಿಯೇ ಇತ್ತು. ಯುಎಫ್‌ಸಿಯಲ್ಲಿ ಸತತ 16 ಪಂದ್ಯ ಗೆದ್ದರು.

ಕೈ ಕೆಳಗಿಟ್ಟು, ತಲೆಯನ್ನು ಕೂದಲೆಳೆಯಷ್ಟೇ ಸರಿಸಿ, ಎದುರಾಳಿಯ ಹೊಡೆತ ಖಾಲಿ ಹೋದ ಕ್ಷಣಕ್ಕೆ ತಿರುಗಿ ಹೊಡೆಯುವುದು ಅವರ ಶೈಲಿ. 2011ರ ಫೆಬ್ರುವರಿಯಲ್ಲಿ ವಿಟೋರ್ ಬೆಲ್ಫೋರ್ಟ್ ಅವರ ಗದ್ದಕ್ಕೆ ಬಿದ್ದ ನೇರ ಒದೆಯನ್ನು ಇಂದಿಗೂ ಜನ ಮತ್ತೆಮತ್ತೆ ನೋಡುತ್ತಾರೆ.

ಆದರೆ ಸಿಲ್ವಾ ಉಳಿದದ್ದು ಹೊಡೆತದಿಂದ ಮಾತ್ರ ಅಲ್ಲ. 2010ರ ಆಗಸ್ಟ್‌ನಲ್ಲಿ ಕುಸ್ತಿಪಟು ಚೇಲ್ ಸೊನೆನ್, ಸಿಲ್ವಾ ಅವರನ್ನು ನಾಲ್ಕು ಸುತ್ತು ನೆಲಕ್ಕೆ ಕೆಡವಿ ಮೇಲೆ ಕುಳಿತು ಹೊಡೆದರು. ಐದನೇ ಸುತ್ತಿನಲ್ಲಿ, ಕೆಳಗಿದ್ದ ಸಿಲ್ವಾ ಕಾಲುಗಳಿಂದ ಸೊನೆನ್ ಅವರ ಕುತ್ತಿಗೆ ಬಿಗಿದು, ತೋಳು ಎಳೆದು ಶರಣಾಗಿಸಿದರು. ಅದು ಶುದ್ಧ ಜಿಯು ಜಿಟ್ಸು. ಹೊಡೆಯುವವನ ಹೆಸರು ಉಳಿಸಿದ್ದು ನೆಲದ ವಿದ್ಯೆ.

ಹೊಡೆತದ ಕಲೆ ಕನ್ನಡ ನಾಡಿಗೂ ಅಪರಿಚಿತವಲ್ಲ. ಮೈಸೂರು ಅರಮನೆಯಲ್ಲಿ ವಿಜಯದಶಮಿಯಂದು ಜಟ್ಟಿಗಳು ಆಡುವ ವಜ್ರಮುಷ್ಟಿ ಕಾಳಗದಲ್ಲಿ, ಮುಷ್ಟಿಗೆ ಆಯುಧ ಧರಿಸಿದ ಇಬ್ಬರಲ್ಲಿ ಒಬ್ಬರ ತಲೆಯಿಂದ ರಕ್ತ ಚಿಮ್ಮಿದರೆ ಕಾಳಗ ನಿಲ್ಲುತ್ತದೆ. ಅಲ್ಲೂ ಗೆಲುವು ತೀರ್ಮಾನಿಸುವ ನಿಯಮವೇ ಜಟ್ಟಿಯ ನಿಲುವನ್ನೂ ಕೈಯನ್ನೂ ರೂಪಿಸಿದೆ.

ಈಗ ಭಾರತೀಯರೂ ಆ ಜಾಲರಿ ಕಟ್ಟೆ ಏರಿದ್ದಾರೆ. 2024ರ ಜೂನ್‌ನಲ್ಲಿ ಉತ್ತರ ಪ್ರದೇಶದ ಪೂಜಾ ತೋಮರ್ ಯುಎಫ್‌ಸಿಯಲ್ಲಿ ಪಂದ್ಯ ಗೆದ್ದ ಮೊದಲ ಭಾರತೀಯ ಮಹಿಳೆಯಾದರು. ಅವರು ಚೀನಾದ ಸಮರಕಲೆ ವುಶುವಿನಿಂದ ಬಂದವರು. ಸೋಲಿಸಿದ್ದು ಬ್ರೆಜಿಲ್‌ನ ಆಟಗಾರ್ತಿಯನ್ನು.

ದೇಹ ತೆರುವ ಬೆಲೆ

ಇದರ ಇನ್ನೊಂದು ಮುಖವನ್ನೂ ಹೆತ್ತವರು ತಿಳಿದಿರಬೇಕು. 2013ರ ಡಿಸೆಂಬರ್‌ನಲ್ಲಿ ಸಿಲ್ವಾ ಬೀಸಿದ ಒದೆಯನ್ನು ಕ್ರಿಸ್ ವೈಡ್‌ಮನ್ ಮೊಣಕಾಲೊಡ್ಡಿ ತಡೆದಾಗ ಸಿಲ್ವಾ ಅವರ ಕಾಲಿನ ಎಲುಬೇ ಮುರಿಯಿತು. 2015ರಲ್ಲಿ ಅವರು ಉದ್ದೀಪನ ಮದ್ದು ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ನಿಷೇಧಕ್ಕೂ ಒಳಗಾದರು. ತಲೆಗೆ ಪದೇ ಪದೇ ಬೀಳುವ ಪೆಟ್ಟು ಮಿದುಳಿಗೆ ಮಾಡುವ ಹಾನಿ ಹೊರಗೆ ಕಾಣುವುದಿಲ್ಲ.

ಕುಸ್ತಿ, ಜೂಡೊ, ಕುರಾಶ್‌ಗಳಲ್ಲಿ ತಲೆಗೆ ಹೊಡೆತ ಇಲ್ಲ. ಆದರೆ ಮೊಣಕಾಲು, ಭುಜದ ಗಾಯ ಸಾಮಾನ್ಯ. ಉಜ್ಜಿ ಉಜ್ಜಿ ಮುದ್ದೆಯಾದ ಕಿವಿಯಿಂದಲೇ ಹಳೆಯ ಪೈಲ್ವಾನರನ್ನು ಗುರುತಿಸಬಹುದು. ತೂಕ ಇಳಿಸುವ ಕಷ್ಟ ಎಲ್ಲಕ್ಕೂ ಸಮಾನ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 2024ರ ಆಗಸ್ಟ್ 7ರಂದು ವಿನೇಶ್ ಫೋಗಟ್ ಫೈನಲ್‌ನ ಬೆಳಿಗ್ಗೆ 50 ಕೆ.ಜಿ.ಗಿಂತ 100 ಗ್ರಾಂ ಹೆಚ್ಚಿದ್ದಕ್ಕೆ ಅನರ್ಹರಾದದ್ದನ್ನು ಇಡೀ ದೇಶ ನೋಡಿತು. ಅನ್ನ, ನೀರು ಬಿಟ್ಟು ತೂಕ ಇಳಿಸುವುದನ್ನು ತಿಳಿದವರ ನಿಗಾ ಇಲ್ಲದೆ ಮಕ್ಕಳಿಂದ ಮಾಡಿಸಬಾರದು.

ಖರ್ಚೂ ಇದೆ. ಹಾಲು, ತುಪ್ಪ, ಬದಾಮಿ, ಮೊಟ್ಟೆಯ ಖುರಾಕು ಸಣ್ಣ ರೈತನ ಮನೆಗೆ ಹಗುರವಲ್ಲ. ಎಷ್ಟೋ ಹುಡುಗರ ತಾಲೀಮು ಅಲ್ಲಿಗೇ ನಿಲ್ಲುತ್ತದೆ.

ಬೇಕಿರುವುದು ಮ್ಯಾಟ್ ಮತ್ತು ಗುರು

ಜಾತ್ರೆಯ ನಿಕಾಲಿ ಕುಸ್ತಿಯಲ್ಲಿ ಚಿತ್ ಆಗುವವರೆಗೆ ಸೆಣಸಬಹುದು. ಎದುರಾಳಿ ದಣಿಯಲಿ ಎಂದು ಪೈಲ್ವಾನ ಕಾಯಬಹುದು. ಒಲಿಂಪಿಕ್ ಕುಸ್ತಿಯಲ್ಲಿ ಮೂರು ಮೂರು ನಿಮಿಷದ ಎರಡು ಸುತ್ತು. ಫಲಿಸಿದ ಪಟ್ಟಿಗೆ ಅಂಕ, ಕಾಯುತ್ತಾ ನಿಂತವನಿಗೆ ದಂಡ. ಮಣ್ಣಿನಲ್ಲಿ ಹುಲಿಯಾದವನು ಮ್ಯಾಟ್ ಮೇಲೆ ತಡವರಿಸುವುದು ಬಲ ಸಾಲದೆ ಅಲ್ಲ, ನಿಯಮದ ಅಭ್ಯಾಸ ಇಲ್ಲದೆ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಖಾಶಾಬಾ ಜಾಧವ ಕೂಡ ಕೊಲ್ಹಾಪುರದ ಮಣ್ಣಿನಿಂದ ಹೊರಟು ಮ್ಯಾಟ್‌ಗೆ ಒಗ್ಗಿಕೊಂಡವರು.

ಮಲಪ್ರಭಾ ಅವರ ಪದಕ ಕಲಿಸುವುದೂ ಇದನ್ನೇ. ಹಳ್ಳಿಯ ಹುಡುಗಿಗೆ ಹತ್ತಿರದ ಊರಿನಲ್ಲಿ ಮ್ಯಾಟ್ ಮತ್ತು ಗುರು ಸಿಕ್ಕರು. ಎದುರಾಳಿಯ ತೂಕ ಎತ್ತ ವಾಲಿದೆ ಎಂದು ಅರಿಯುವ ವಿದ್ಯೆ ಮೈಗೆ ಹತ್ತಿತು. ಮುಂದೆ ಹೊಸ ಆಟದ ಬಾಗಿಲು ತೆರೆದಾಗ ಒಳಹೋಗಲು ಆ ವಿದ್ಯೆ ಸಾಕಾಯಿತು.

ಬೆಳಗಾವಿ ನಗರದಲ್ಲಿ ಜೂಡೊ, ಕುಸ್ತಿ ಎರಡಕ್ಕೂ ಸರ್ಕಾರದ ತರಬೇತಿ ಇದೆ. ನೆರೆಯ ಹಳಿಯಾಳದಲ್ಲಿ ಕುಸ್ತಿಯ ಕ್ರೀಡಾ ವಸತಿ ನಿಲಯ ಇದೆ. ಇವೆರಡರ ನಡುವೆ ಇರುವ ಖಾನಾಪುರದ ಕಾಡಂಚಿನ ಹಳ್ಳಿಗಳ ಮಕ್ಕಳಿಗೂ, ಮುಖ್ಯವಾಗಿ ಹೆಣ್ಣುಮಕ್ಕಳಿಗೆ, ಮನೆಯಿಂದ ಹೋಗಿಬರುವಷ್ಟು ದೂರದಲ್ಲೇ ಮ್ಯಾಟ್ ಸಿಗಬೇಕು. ಜಾತ್ರಾ ಸಮಿತಿಗಳು ಇನಾಮಿನ ಹಣದಲ್ಲಿ ಒಂದು ಪಾಲನ್ನು ಊರ ತಾಲೀಮಿನ ಮ್ಯಾಟ್‌ಗೆ ಎತ್ತಿಡಲಿ. ಪಂಚಾಯಿತಿ, ಕ್ರೀಡಾ ಇಲಾಖೆ ಗುರುವನ್ನು ಕೊಡಲಿ. ಹೆತ್ತವರೇ, ನಿಮ್ಮ ಮಗಳು ಸೆಣಸುವ ಆಟ ಕಲಿಯುತ್ತೇನೆ ಅಂದರೆ ತಡೆಯಬೇಡಿ. ಮೊದಲು ಬೀಳುವುದನ್ನು ಕಲಿಸುವ ಒಳ್ಳೆಯ ಗುರುವಿನ ಬಳಿಗೆ ಕಳುಹಿಸಿ.